ಮೊದಲು ಆ ಹುಡುಗನನ್ನೇ ಕೇಳಿ

ನಿಮ್ಮ 5ನೇ ಕ್ಲಾಸಿನಲ್ಲಿ ಕಿವಿಗೆ ಮಷೀನ್ ಹಾಕುವ ಹುಡುಗನನ್ನು ಉಳಿದವರು 'ಬೆಹರಾ' (ಹಿಂದಿಯಲ್ಲಿ ಕಿವುಡ) ಅಂತ ರೇಗಿಸುತ್ತಾರೆ, ಮಕ್ಕಳಿಗೆ ಹೇಗೆ ತಿಳಿಸಿ ಹೇಳಲಿ ಅಂತ ಕೇಳಿದ್ದೀರಿ. ನಾನೂ ಮುಂಬೈಯಲ್ಲೇ ಕನ್ನಡ ಶಾಲೆಯ ಟೀಚರ್.

ಮೊದಲು ಅವನನ್ನೇ ಕೇಳಿ, ಬೇರೆ ಯಾರೂ ಇಲ್ಲದಾಗ. ಅವನು ಒಪ್ಪದೆ ಕ್ಲಾಸಿನಲ್ಲಿ ಅವನ ಹೆಸರು ಎತ್ತಲೇಬೇಡಿ. ನಾನು ಈ ತಪ್ಪು ಮಾಡಿದ್ದೇನೆ. ಒಂದು ವರ್ಷ ಡಿಸೆಂಬರ್ 3ಕ್ಕೆ, ಅಂಗವಿಕಲರ ದಿನ ಅಂತ, ಒಬ್ಬ ಹುಡುಗಿಯನ್ನು ಮುಂದೆ ನಿಲ್ಲಿಸಿ 'ಪಾಪ, ಇವಳಿಗೆ ಸರಿಯಾಗಿ ಕೇಳಿಸಲ್ಲ, ಎಲ್ಲರೂ ಸಹಾಯ ಮಾಡಿ' ಅಂದೆ. ಅವಳು ಜಡೆ ಎಳೆದು ಕಿವಿ ಮುಚ್ಚಿಕೊಂಡಳು. ಮಾರನೇ ದಿನದಿಂದ ಮಷೀನ್ ಬ್ಯಾಗಿನಲ್ಲೇ ಉಳಿಯಿತು. ಆ 'ಪಾಪ' ನನ್ನ ಬಾಯಿಂದ ಬಂತಲ್ಲ ಅನ್ನುವುದು ಇವತ್ತಿಗೂ ಚುಚ್ಚುತ್ತದೆ.

ಅವಳ ಅಮ್ಮ ಆಮೇಲೆ ಹೇಳಿದರು, ಅವಳಿಗೆ ಅಡ್ಡಹೆಸರಿಗಿಂತ ಜಾಸ್ತಿ ನೋವು ಕೊಡುತ್ತಿದ್ದದ್ದು 'ಏನಿಲ್ಲ ಬಿಡು' ಅನ್ನುವ ಮಾತು. ಎಲ್ಲರೂ ನಗುತ್ತಾರೆ, ಇವಳು 'ಏನು?' ಅಂತಾಳೆ, ಪಕ್ಕದವಳು 'ಏನಿಲ್ಲ ಬಿಡು'. ದಿನಾ ಇದೇ. ಇದು ಟೀಚರ್ ಕಣ್ಣಿಗೆ ಬೀಳುವುದೇ ಇಲ್ಲ, ಅಲ್ವಾ?

ಈಗ ನಾನು ಕಿವಿಯ ಪಾಠ ಬಂದಾಗಲೇ ಮಷೀನಿನ ಮಾತು ತೆಗೆಯುತ್ತೇನೆ. ಅದು ಕನ್ನಡಕದ ಹಾಗಲ್ಲ, ಹಾಕಿದ ಕೂಡಲೇ ಎಲ್ಲಾ ಸ್ಪಷ್ಟ ಆಗಲ್ಲ, ಮಾತಿನ ಜೊತೆ ಫ್ಯಾನು, ಎಳೆದಾಡುವ ಬೆಂಚು, ಹೊರಗಿನ ಲೋಕಲ್ ಟ್ರೇನು ಎಲ್ಲದರ ಸದ್ದನ್ನೂ ದೊಡ್ಡದು ಮಾಡುತ್ತದೆ ಅಂತ ಹೇಳುತ್ತೇನೆ. ಅದಕ್ಕೇ ಎದುರು ನಿಂತು, ಒಬ್ಬೊಬ್ಬರೇ ಮಾತಾಡಬೇಕು. ಕಿರುಚಬಾರದು, ಕಿರುಚಿದರೆ ತುಟಿ ನೋಡಿ ತಿಳಿಯುವುದೂ ಕಷ್ಟ. ನಾನೂ ಬೋರ್ಡಿಗೆ ಮುಖ ಮಾಡಿ ಪಾಠ ಹೇಳುವುದನ್ನು ಬಿಟ್ಟೆ.

ರೇಗಿಸುವವರು ಒಬ್ಬಿಬ್ಬರು ಇರುತ್ತಾರೆ. ಅವರಿಗೆ ಬೇಕಾಗಿರುವುದು ಉಳಿದವರ ನಗು. ಹಾಗಾಗಿ ನೋಡಿ ನಗುವವರ ಜೊತೆ ಕೂತು ಮಾತಾಡಿ. ನಗದೆ ಇರುವುದು, 'ಬಾರೋ, ಆಟಕ್ಕೆ ಹೋಗೋಣ' ಅಂತ ಅವನನ್ನು ಅಲ್ಲಿಂದ ಕರೆದುಕೊಂಡು ಹೋಗುವುದು, ಇವನ್ನು ಸುಮ್ನೆ ಬಾಯಲ್ಲಿ ಹೇಳದೆ ಆಡಿಸಿಯೇ ಕಲಿಸಿ. ಟೀಚರಿಗೆ ಬಂದು ಹೇಳಿದರೆ ಅದು ಚಾಡಿ ಅಲ್ಲ ಅಂತಲೂ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಅವನಿಗೆ ಮುಂದಿನ ಬೆಂಚು ಕೊಡಿ, ಗಲಾಟೆಯ ಕಿಟಕಿಯಿಂದ ದೂರ. ಶಾಲೆಯವರು ಹಿಂದೆಮುಂದೆ ನೋಡಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತೋರಿಸಿ. ಅದರಲ್ಲಿ ಹೆಸರಿಸಿದ 21 ಬಗೆಯಲ್ಲಿ ಕಿವಿಯ ತೊಂದರೆಯೂ ಇದೆ, ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಅಂತಲೂ ಇದೆ. ಮಷೀನ್ ಸರಿ ಹೊಂದುತ್ತಿಲ್ಲ ಅನಿಸಿದರೆ ಕಿವಿ, ಮಾತಿನ ತೊಂದರೆ ನೋಡುವ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆಗೆ ಹೋಗಲು ಅಪ್ಪ ಅಮ್ಮನಿಗೆ ಹೇಳಿ. ನಮ್ಮ ಹುಡುಗಿಯನ್ನೂ ಅಲ್ಲಿಗೇ ಕರೆದುಕೊಂಡು ಹೋಗಿದ್ದರು.