ಎಮರ್ಜೆನ್ಸಿಯಲ್ಲಿ ಆಮೇಲೆ ಬಂದವರನ್ನು ಮೊದಲು ನೋಡುವುದೇಕೆ?

ಎದೆಯುರಿ ಎಂದು ಬಂದ ನಿಮ್ಮ ತಂದೆಯವರನ್ನು ಕೂರಿಸಿ, ಆಮೇಲೆ ಬಂದವರನ್ನು ಮೊದಲು ಒಳಗೆ ಕರೆದದ್ದರಿಂದ, ಆಸ್ಪತ್ರೆಯವರು ತುರ್ತನ್ನು ಸರಿಯಾಗಿ ಅಳೆಯುತ್ತಾರೆಯೇ ಎಂದು ಕೇಳಿದ್ದೀರಿ. ತುರ್ತು ವಿಭಾಗದ ಟ್ರಯಾಜ್ (ತುರ್ತಿಗೆ ತಕ್ಕಂತೆ ರೋಗಿಗಳನ್ನು ವಿಂಗಡಿಸುವ) ಮೇಜಿನಲ್ಲಿ ಕೆಲಸ ಮಾಡುವ ಶುಶ್ರೂಷಕಿಯಾಗಿ ಹೇಳುವುದಾದರೆ, ತೀರಾ ಗಂಭೀರವಾಗಿರುವವರನ್ನು ಗುರುತಿಸುವಲ್ಲಿ ನಾವು ಎಡವುವುದು ಅಪರೂಪ. ಎಡವುವುದು ಹೆಚ್ಚಾಗಿ ಮಧ್ಯದ ಗುಂಪಿನಲ್ಲಿ.

ಸರದಿ ನಿಗದಿಯಾಗುವುದು ಬಂದ ಹೊತ್ತಿನಿಂದಲ್ಲ. ರೋಗಿಯ ದೂರು, ಉಸಿರಾಟದ ವೇಗ, ನಾಡಿ, ರಕ್ತದೊತ್ತಡ, ಆಮ್ಲಜನಕದ ಪ್ರಮಾಣ ಮತ್ತು ಪ್ರಜ್ಞೆಯ ಮಟ್ಟದಿಂದ. ಬ್ರಿಟನ್ನಿನ ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಕೆಂಪು ಗುರುತಿನವರನ್ನು ತಕ್ಷಣ, ಕಿತ್ತಳೆಯವರನ್ನು 10 ನಿಮಿಷದಲ್ಲಿ, ಹಳದಿಯವರನ್ನು 60 ನಿಮಿಷದಲ್ಲಿ ವೈದ್ಯರು ನೋಡಬೇಕು. ಹಸಿರಿಗೆ 120, ನೀಲಿಗೆ 240 ನಿಮಿಷ. ನಮ್ಮಲ್ಲಿ ಕೆಂಪು, ಹಳದಿ, ಹಸಿರು ಎಂಬ ಮೂರೇ ಗುಂಪುಗಳ ಪದ್ಧತಿಯೂ ಬಳಕೆಯಲ್ಲಿದೆ.

ತೊಡಕಿರುವುದು ಅಂಕಿಗಳು ಸುಳ್ಳು ಸಮಾಧಾನ ಕೊಡುವಲ್ಲಿ. ಬಿ.ಪಿ.ಗಾಗಿ ಮೆಟೊಪ್ರೊಲಾಲ್ ನುಂಗುತ್ತಿರುವ ವೃದ್ಧರಿಗೆ ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತಿದ್ದರೂ, ಏರಬೇಕಾದ ನಾಡಿಯನ್ನು ಆ ಮಾತ್ರೆಯೇ ತಡೆಹಿಡಿದಿರುವುದರಿಂದ, ಎಂಬತ್ತರ ಆಸುಪಾಸಿನ ಅಂಕಿ ಕಂಡು ಹಳದಿ ಪಟ್ಟಿ ಕಟ್ಟಿಬಿಡುವ ಅಪಾಯವಿದೆ. ಹಳೆಯ ಸಕ್ಕರೆ ಕಾಯಿಲೆಯವರಿಗೆ ಹೃದಯಾಘಾತದಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರು, "ಗ್ಯಾಸ್" ಎನ್ನುವಂಥ ಸಂಕಟವಷ್ಟೇ ಇರಬಹುದು, ಮಹಿಳೆಯರಲ್ಲೂ ಹೀಗಾಗುವುದುಂಟು. ಆದ್ದರಿಂದಲೇ, ಹೃದಯದ ತೊಂದರೆಯಿರಬಹುದೆಂಬ ಅನುಮಾನ ಬಂದರೆ, ಸರದಿ ಎಲ್ಲೇ ಇರಲಿ, ಬಂದ 10 ನಿಮಿಷದೊಳಗೆ ಇಸಿಜಿ ತೆಗೆಯಬೇಕೆಂಬ ನಿಯಮವಿದೆ. ನಿಮ್ಮ ತಂದೆಯವರಿಗೆ ಇಸಿಜಿ ತೆಗೆದು, ವೈದ್ಯರು ಅದನ್ನು ನೋಡಿದ ಮೇಲೆ ಕೂರಿಸಿದ್ದರೆ, ಆ ಕಾಯುವಿಕೆಗೆ ಒಂದು ಆಧಾರವಿತ್ತು. ತೆಗೆಯದೆಯೇ ಕೂರಿಸಿದ್ದರೆ ನಿಮ್ಮ ಆತಂಕ ಪೂರ್ತಿ ನ್ಯಾಯವಾದದ್ದು. ಮೊದಲ ಇಸಿಜಿ ಸರಿಯಿದ್ದ ಮಾತ್ರಕ್ಕೆ ಹೃದಯಾಘಾತವಿಲ್ಲ ಎಂದೇನೂ ಆಗುವುದಿಲ್ಲ. ನೋವು ಮುಂದುವರಿದರೆ ಮತ್ತೆ ತೆಗೆಯಬೇಕು.

ಶಿಫಾರಸಿನ ಫೋನ್ ಕರೆಗಳಿಂದ ಸರದಿ ತಪ್ಪುವುದೂ ಉಂಟು, ಅದು ಅಕ್ಷಮ್ಯ. ಆದರೆ ನನ್ನನ್ನು ಹೆಚ್ಚು ಕಾಡುವುದು ಬೇರೆಯದೇ: ಬಾಗಿಲಲ್ಲಿ ಒಮ್ಮೆ ಅಳೆದದ್ದನ್ನು, ಜನ ತುಂಬಿ ಸಿಬ್ಬಂದಿ ಸಾಲದಾದಾಗ, ಯಾರೂ ಮರಳಿ ಅಳೆಯುವುದಿಲ್ಲ. ಹಾಗಾಗಿ ಕಾಯುವಾಗ ಬೆವರು, ವಾಂತಿ, ಉಸಿರಾಟದ ಕಷ್ಟ ಅಥವಾ ಮಂಪರು ಕಂಡರೆ ಕೂಡಲೇ ಮೇಜಿನ ಬಳಿ ಬಂದು, ಬಂದಾಗ ಹೇಗಿದ್ದರು, ಈಗ ಏನು ಬದಲಾಗಿದೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂಬುದನ್ನು ಹೇಳಿ, ಮತ್ತೊಮ್ಮೆ ಪರೀಕ್ಷಿಸುವಂತೆ ಕೇಳಿರಿ.