ಚಂಡಮಾರುತದ ಮಳೆಗೆ ಮುಂಚೆ ಒಂದು ಸಲ ಮಾಳಿಗೆ ಹತ್ತಿ

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿ. ಮುಂದಿನ ಮನೆಗೆ ಮಣ್ಣಿನ ಗೋಡೆ, ಮೇಲೆ ಕಲ್ಲು ಚಪ್ಪಡಿ, ಚಪ್ಪಡಿ ಮೇಲೆ ಮಣ್ಣು. ಹಿಂದಿನ ಅಡುಗೆಮನೆಗೂ ಕೊಟ್ಟಿಗೆಗೂ ಸಿಮೆಂಟ್ ಶೀಟು. 2024ರಲ್ಲಿ ಫೆಂಗಲ್ ಚಂಡಮಾರುತ ಬಂದಾಗ ಸೋರುವ ಕಡೆಗೆಲ್ಲ ಪಾತ್ರೆ ಇಟ್ಟುಕೊಂಡು ಕೂತಿದ್ದೆವು. ಈ ಸಲ ಶೀಟಿನ ಮೇಲೆ ಇನ್ನಷ್ಟು ಕಲ್ಲು ಹೇರಿದರೆ ಸಾಕಾ?

ಉತ್ತರ: ಕಲ್ಲಿನ ವಿಷಯ ಆಮೇಲೆ ನೋಡೋಣ. ನನಗೆ ಜಾಸ್ತಿ ಚಿಂತೆ ಇರುವುದು ನಿಮ್ಮ ಮುಂದಿನ ಮನೆಯದ್ದು.

ಕೋಲಾರದವರಿಗೆ ಮಂಗಳೂರಿನ ಸಮುದ್ರಕ್ಕಿಂತ ಚೆನ್ನೈ ಸಮುದ್ರವೇ ಹತ್ತಿರ. ಅದಕ್ಕೇ ನವೆಂಬರ್, ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಏನೇ ಎದ್ದರೂ ನಮಗೆ ತಟ್ಟುತ್ತದೆ. 2022ರ ಡಿಸೆಂಬರ್‌ನಲ್ಲಿ ಮಾಂಡೌಸ್ ಮಾಮಲ್ಲಪುರದ ಹತ್ತಿರ ದಡ ಹತ್ತಿತು, ಫೆಂಗಲ್ ಪುದುಚೇರಿ ಹತ್ತಿರ. ಎರಡೂ ಸಲ ನಾವಿಲ್ಲಿ ಸ್ವೆಟರ್ ಹಾಕಿಕೊಂಡು ನೆನೆದೆವು. ಆದರೆ ಘಟ್ಟ ಹತ್ತಿ ಇಲ್ಲಿಗೆ ಬರುವಷ್ಟರಲ್ಲಿ ಗಾಳಿಗೆ ಸುಸ್ತಾಗಿರುತ್ತದೆ. ಉಳಿದಿರುವುದು ನೀರು. ಹಗಲೂ ರಾತ್ರಿ ಬಿಡದೆ ಸುರಿಯುವ ಜಡಿ ಮಳೆ. ಮಣ್ಣಿನ ಗೋಡೆಗೆ ಬೇಸಿಗೆಯ ಆಲಿಕಲ್ಲು ಮಳೆಗಿಂತ ಇದೇ ಕೆಟ್ಟದ್ದು.

ಹಾಗಾಗಿ ಬಿಸಿಲಿರುವಾಗಲೇ ಮಾಳಿಗೆ ಹತ್ತಿ, ನೀರು ಇಳಿಯುವ ದೋಣಿಯ ಬಾಯಿ ನೋಡಿ. ಒಮ್ಮೆ ಒಬ್ಬರ ಮನೆಯಲ್ಲಿ ಆ ಬಾಯಿಗೆ ಕೈ ಹಾಕಿದೆ. ಹುಣಸೆ ಎಲೆ, ದೀಪಾವಳಿ ಪಟಾಕಿಯ ಕೆಂಪು ಕಾಗದ, ಅದರ ಹಿಂದೆ ಮಗುವಿನ ಒಂದು ಚಪ್ಪಲಿ. ಮನೆಯವರು ಎರಡು ವರ್ಷದಿಂದ ಚಪ್ಪಡಿ ಬಿರುಕು ಬಿಟ್ಟಿದೆ ಅಂತ ಸುಮ್ನೆ ಸಿಮೆಂಟ್ ಮೆತ್ತುತ್ತಿದ್ದರು! ಹತ್ತಡಿ ಉದ್ದ, ಹತ್ತಡಿ ಅಗಲದ ಮಾಳಿಗೆಯಲ್ಲಿ ನಾಲ್ಕು ಇಂಚು ನೀರು ನಿಂತರೆ 900 ಕೆ.ಜಿ.ಗೂ ಜಾಸ್ತಿ ಭಾರ. ಅಂದರೆ ಕ್ವಿಂಟಾಲ್ ತೂಗುವ ಒಂಬತ್ತು ರಾಗಿ ಮೂಟೆ ನಿಮ್ಮ ತಲೆ ಮೇಲೆ ಇಟ್ಟ ಹಾಗೆ. ನೆನೆದ ಮಣ್ಣಿನ ತೂಕ ಬೇರೆ. ಸೋರುತ್ತದೆ ಅಂತ ಮೇಲೆ ಇನ್ನೊಂದು ಪದರ ಮಣ್ಣು ಹಾಕುತ್ತಾರಲ್ಲ, ದಯವಿಟ್ಟು ಅದನ್ನು ಮಾಡಬೇಡಿ. ಬೇಕಿದ್ದರೆ ಹಳೇ ಮಣ್ಣನ್ನು ಕೆರೆದು, ಚಪ್ಪಡಿ ಸಂದುಗಳಿಗೆ ಗಾರೆ ತುಂಬಿಸಿ, ನೀರು ದೋಣಿ ಕಡೆಗೇ ಓಡುವ ಹಾಗೆ ವಾಟ ಕೊಡಿಸಿ. ಗಾರೆ ಗಟ್ಟಿಯಾಗುವವರೆಗೆ ಅದರ ಮೇಲೆ ಮಳೆ ಬೀಳಬಾರದು. ಮೋಡ ಕಟ್ಟಿದ ಮೇಲೆ ಗಾರೆಯವರನ್ನು ಕರೆದರೆ ಕೂಲಿ ದಂಡ.

ಇನ್ನು ಗೋಡೆ ಬುಡ. ಮಾಳಿಗೆ ನೀರು ಗೋಡೆ ಪಕ್ಕದಲ್ಲೇ ಬಿದ್ದು ನಿಲ್ಲುತ್ತಿದ್ದರೆ ಒಂದು ಪೈಪ್ ಸಿಕ್ಕಿಸಿ ದೂರಕ್ಕೆ ಬಿಡಿ. ಬುಡದಲ್ಲಿ ಸಣ್ಣ ಕಾಲುವೆ ತೋಡಿ. ಮಳೆ ನಡುವೆ ಒಂದು ಗುರುತು ನೆನಪಿರಲಿ: ನಿನ್ನೆವರೆಗೆ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಇವತ್ತು ಬಿಗಿಯಾದರೆ, ಅದು ಮರ ಉಬ್ಬಿದ್ದು ಮಾತ್ರ ಅಂದುಕೊಳ್ಳಬೇಡಿ. ಗೋಡೆ ಕುಸಿಯುತ್ತಿರಬಹುದು. ಗೋಡೆ ಹೊಟ್ಟೆ ಬಿಟ್ಟಿದೆಯಾ, ಹೊಸ ಬಿರುಕು ಇದೆಯಾ ನೋಡಿ. ಇದ್ದರೆ ಆ ರಾತ್ರಿ ಅಲ್ಲಿ ಮಲಗಬೇಡಿ. ಮಳೆ ನಿಂತು ಬಿಸಿಲು ಬಂದ ಮೇಲೂ ಗೋಡೆ ಬೀಳುವುದುಂಟು. ಒಳಗಿನ ನೀರು ಅಷ್ಟು ಬೇಗ ಆರುವುದಿಲ್ಲ.

ಈಗ ಶೀಟು. ಕಲ್ಲಿಟ್ಟರೆ ಗಾಳಿಗೆ ಶೀಟು ಹೋಗದಿರಬಹುದು, ಹೋದರೆ ಕಲ್ಲೂ ಬೀಳುತ್ತದೆ, ಕೆಳಗೆ ಹಸು ಇದೆ ಅಲ್ವಾ? ಗಾಳಿ ಶೀಟನ್ನು ಅಡಿಯಿಂದ ಎತ್ತುತ್ತದೆ. ಹಿಡಿದಿಡಬೇಕಾದ್ದು ಶೀಟನ್ನು ತೊಲೆಗೆ ಬಿಗಿಯುವ ಜೆ ಆಕಾರದ ಹುಕ್ಕು. ವಾಷರ್ ಒಣಗಿ ಒಡೆದಿದ್ದರೆ ಬದಲಿಸಿ, ಸಡಿಲವಾದದ್ದನ್ನು ಬಿಗಿ ಮಾಡಿಸಿ. ಸೋರುವುದೂ ಬಹಳ ಸಲ ಆ ಹುಕ್ಕಿನ ತೂತಿನಿಂದಲೇ. ಸಿಮೆಂಟ್ ಶೀಟಿನ ಮೇಲೆ ನೇರ ಕಾಲಿಡಬೇಡಿ, ಮುರಿಯುತ್ತದೆ. ಕೆಳಗಿನ ತೊಲೆಯಿಂದ ತೊಲೆಗೆ ಸೇರುವಂತೆ ಹಲಗೆ ಹಾಕಿ, ಅದರ ಮೇಲೆ ಕೂತು ಕೆಲಸ ಮಾಡಲಿ.

ಹೊಲದಲ್ಲಿ ರಾಗಿ ಕೊಯ್ದು ಬಿಟ್ಟಿದ್ದರೆ ಮನೆಗಿಂತ ಮೊದಲು ಅದನ್ನು ಮೆದೆ ಹಾಕಿ, ತೆನೆ ಒಳಗೆ, ಬುಡ ಹೊರಗೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಪ್ರಶ್ನೆ: ಶಿಡ್ಲಘಟ್ಟದವಳು. ಚಂಡಮಾರುತದ ದಿನ ನಮ್ಮತ್ತೆಗೆ ಚಳಿ ತಡೆಯುವುದಿಲ್ಲ. ಬಾಂಡಲಿಯಲ್ಲಿ ಇದ್ದಿಲ ಕೆಂಡ ಹಾಕಿ, ಕಿಟಕಿ ಮುಚ್ಚಿ, ಮಂಚದ ಕೆಳಗೆ ಇಡುತ್ತೇವೆ. ಹೊಗೆ ಏನೂ ಬರುವುದಿಲ್ಲ. ಪರವಾಗಿಲ್ಲವಾ?

ಉತ್ತರ: ಇವತ್ತೇ ನಿಲ್ಲಿಸಿ ತಾಯಿ. ಹೊಗೆ ಬಾರದಿರುವುದೇ ಅದರ ಮೋಸ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ತಲೆಸುತ್ತು, ಆಮೇಲೆ ನಿದ್ದೆಯಲ್ಲೇ ಪ್ರಾಣ ಹೋಗಬಹುದು. ಬಾಡಿಗೆಗೆ ತಂದ ಜನರೇಟರ್‌ಗೂ ಇದೇ ಮಾತು: ವರಾಂಡದಲ್ಲೂ ಬೇಡ, ಹೊರಗೆ ದೂರ ಇಡಿ. ಅತ್ತೆಯವರಿಗೆ ಎರಡು ಕಂಬಳಿ, ಕಾಲುಚೀಲ, ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಸಾಕು. ರೇಷ್ಮೆ ಹುಳುಮನೆಗೂ ಕೆಂಡ ಇಡುವ ಅಭ್ಯಾಸವಿದ್ದರೆ ಅಲ್ಲಿ ಯಾರೂ ಮಲಗಬಾರದು, ಗಾಳಿ ಆಡುತ್ತಿರಬೇಕು. ಅಂದ ಹಾಗೆ, ಮಳೆ ಶುರುವಾಗುವ ಮುಂಚೆಯೇ ಹಿಪ್ಪುನೇರಳೆ ಸೊಪ್ಪು ಕೊಯ್ದು ಒದ್ದೆ ಗೋಣಿಯಲ್ಲಿ ಮುಚ್ಚಿಡಿ. ನೆಂದ ಸೊಪ್ಪು ಹಾಕಿದರೆ ಹುಳುವಿಗೆ ರೋಗ ಬರುತ್ತದೆ.

ಪ್ರಶ್ನೆ: ಕೋಲಾರ ಪೇಟೆಯಲ್ಲಿ ಬಾಡಿಗೆ ಮನೆ, ಮೂರನೇ ಮಹಡಿ. ಕರೆಂಟ್ ಹೋದರೆ ನೀರೂ ಇಲ್ಲ. ಏನು ಮಾಡಲಿ?

ಉತ್ತರ: ಮುನ್ಸೂಚನೆ ಬಂದ ದಿನವೇ ಮೇಲಿನ ಟ್ಯಾಂಕ್ ತುಂಬಿಸಲು ಓನರ್‌ಗೆ ಹೇಳಿ. ತುಂಬಿದ ಟ್ಯಾಂಕ್ ಗಾಳಿಗೆ ಅಲ್ಲಾಡುವುದಿಲ್ಲ, ಖಾಲಿಯಾದರೆ ಉರುಳಿ ಪೈಪ್ ಕಿತ್ತುಕೊಂಡು ಹೋಗುತ್ತದೆ. ಕುಡಿಯುವ ನೀರು ಎರಡು ದಿನಕ್ಕೆ ಬೇರೆ ಹಿಡಿದಿಡಿ. ಮೊಬೈಲ್, ಟಾರ್ಚ್ ಚಾರ್ಜ್ ಮಾಡಿಕೊಳ್ಳಿ. ಒದ್ದೆ ಗೋಡೆ ಮುಟ್ಟಿದಾಗ ಜುಮ್ ಅಂದರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. ಬೀದಿಯಲ್ಲಿ ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ ಕರೆಂಟಿನವರ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಬಾಲ್ಕನಿಯ ಹೂವಿನ ಕುಂಡಗಳನ್ನು ಮಾತ್ರ ಈಗಲೇ ಕೆಳಗಿಳಿಸಿ, ಕೆಳಗೆ ಜನ ಓಡಾಡುತ್ತಾರೆ.