ದೋಣಿಯ ಎಂಜಿನ್ ಕೆಳಗಿನ ಜಿಡ್ಡು ತೊಳೆಯಲು ಯಾವ ದ್ರಾವಣ ಒಳ್ಳೆಯದು?

ಸದ್ಯಕ್ಕೆ ಯಾವುದೂ ಬೇಡ. ಬಾಟಲಿ ಸುರಿದು ಪ್ರೆಶರ್ ವಾಷರ್ ಹಿಡಿದರೆ ಸಾಕೇ ಎಂದು ಕೇಳಿದ್ದೀರಲ್ಲ, ನಾನು ಹೆಚ್ಚುಕಡಿಮೆ ಅದನ್ನೇ ಮಾಡಿ ಕೈ ಸುಟ್ಟುಕೊಂಡವನು.

ಹಳೆಯ ಡೀಸೆಲ್ ದೋಣಿ ಕೊಂಡು ಎರಡು ವರ್ಷವಾಗಿತ್ತು. ಎಂಜಿನ್ ಕೆಳಗೆ ನೀರು ಬಂದು ನಿಲ್ಲುವ ದೋಣಿಯ ತಳಭಾಗ, ಅಂದರೆ ಬಿಲ್ಜ್‌ನಲ್ಲಿ ಗೇಣುದ್ದ ನೀರು, ಅದರ ಮೇಲೆ ಕಪ್ಪು ಎಣ್ಣೆಯ ಕೆನೆ. ಕ್ಯಾಬಿನ್‌ನಲ್ಲಿ ಮಲಗಿದರೆ ದಿಂಬಿಗೂ ಅದೇ ವಾಸನೆ. ಒಂದು ಸಂಜೆ ಪಾತ್ರೆ ತೊಳೆಯುವ ದ್ರವವನ್ನು ಬಾಟಲಿ ಬರಿದಾಗುವಷ್ಟು ಸುರಿದೆ, ಎರಡು ಬಕೆಟ್ ನೀರು ಹುಯ್ದೆ. ದೋಣಿ ಅಲುಗಾಡುತ್ತಾ ತಾನೇ ತೊಳೆದುಕೊಳ್ಳಲಿ ಎಂದು ಮುಖ್ಯ ಸ್ವಿಚ್ ಆರಿಸಿ ಮನೆಗೆ ಹೋದೆ. ಈ ಉಪಾಯವನ್ನು ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡಿ.

ಬೆಳಗ್ಗೆ ಬಂದರೆ ದೋಣಿಯ ಪಕ್ಕದ ನೀರಿನಲ್ಲಿ ಹಾಲಿನಂಥ ಪಟ್ಟೆ, ಅದರ ಅಂಚಿಗೆ ಕಾಮನಬಿಲ್ಲು. ಬಿಲ್ಜ್ ನೀರನ್ನು ಹೊರಹಾಕುವ ಪಂಪನ್ನು, ನೀರು ಏರಿದಾಗ ತೇಲಿ ತಾನೇ ಚಾಲೂ ಮಾಡುವ ಫ್ಲೋಟ್ ಸ್ವಿಚ್‌ಗೆ ಸಾಮಾನ್ಯವಾಗಿ ಬ್ಯಾಟರಿಯಿಂದಲೇ ನೇರ ತಂತಿ ಇರುತ್ತದೆ, ಯಾರೂ ಇಲ್ಲದಾಗಲೂ ದೋಣಿ ಮುಳುಗದಿರಲಿ ಎಂದು. ಮುಖ್ಯ ಸ್ವಿಚ್ ಆರಿಸಿದರೆ ದೀಪ ಆರುತ್ತದೆ, ಪಂಪ್ ಆರುವುದಿಲ್ಲ. ನಾನು ಹುಯ್ದ ನೀರಿಗೆ ಫ್ಲೋಟ್ ಏರಿತ್ತು, ಪಂಪ್ ತನ್ನ ಕೆಲಸ ಮಾಡಿತ್ತು. ಹಡಗುಗಳು ಶೋಧಿಸಿ ಬಿಡುವ ಬಿಲ್ಜ್ ನೀರಿನಲ್ಲೂ ಎಣ್ಣೆ ಹತ್ತು ಲಕ್ಷಕ್ಕೆ 15 ಭಾಗ ಮೀರಬಾರದೆಂಬ ಅಂತರರಾಷ್ಟ್ರೀಯ ನಿಯಮವಿದೆ. ನನ್ನದು ಬರಿಗಣ್ಣಿಗೇ ಕಾಣುತ್ತಿತ್ತು. ದಂಡ ಕಟ್ಟಿದೆ.

ಒಳಗೆ ಉಳಿದಿದ್ದು ಅದಕ್ಕಿಂತ ದೊಡ್ಡ ತಲೆನೋವು. ಸುಮ್ಮನೆ ಬಿಟ್ಟಿದ್ದರೆ ಎಣ್ಣೆ ಮೇಲೆ ತೇಲುತ್ತಿತ್ತು. ಎಣ್ಣೆಯನ್ನು ಮಾತ್ರ ಕುಡಿದು ನೀರನ್ನು ಬಿಡುವ ಬಿಳಿಯ ಪಾಲಿಪ್ರೊಪಿಲೀನ್ ಹಾಳೆ ಹಾಸಿದ್ದರೆ ಒಂದು ರಾತ್ರಿಯಲ್ಲಿ ಮುಗಿಯುತ್ತಿತ್ತು. ಸಾಬೂನು ಎಣ್ಣೆಯನ್ನು ಹನಿಹನಿಯಾಗಿ ಒಡೆದು ನೀರಿನೊಳಗೇ ಬೆರೆಸಿಬಿಡುತ್ತದೆ. ಆಮೇಲೆ ಆ ಹಾಳೆ ನೆಂಟರ ಮನೆಯ ಮಗುವಿನಂತೆ, ಏನು ಕೊಟ್ಟರೂ ಮುಟ್ಟುವುದಿಲ್ಲ. ಒಂದೂವರೆ ಲೀಟರ್ ಎಣ್ಣೆ ನನ್ನ ಕೈಯಲ್ಲಿ ಮೂವತ್ತು ಲೀಟರ್ ಕೊಳಕು ಹಾಲಾಯಿತು. ಮಗ್ಗು, ಸ್ಪಂಜು ಹಿಡಿದು ಎರಡು ದಿನ ಬಳಿದೆ. ಹಳೆಯ ಎಣ್ಣೆ ಕೊಳ್ಳುವವನೂ ನೀರು ಬೆರೆತದ್ದು ಬೇಡವೆಂದ.

ಆದ್ದರಿಂದ ಮೊದಲು ಪಂಪಿನ ಫ್ಯೂಸ್ ಕೀಳಿ, ಅದನ್ನು ದೋಣಿಯ ಕೀಲಿಗೇ ಕಟ್ಟಿಕೊಳ್ಳಿ. ಮರಳಿ ಹಾಕದೆ ಹೋದರೆ ದೋಣಿ ಮುಳುಗೀತು. ಆಮೇಲೆ ಹಾಳೆ. ಎಣ್ಣೆ ಪೂರ್ತಿ ಹೋದ ಮೇಲೆಯೇ ಸಾಬೂನು, ಆ ನೀರೂ ಕ್ಯಾನಿಗೇ. ನಿಮ್ಮದು ಪೆಟ್ರೋಲ್ ಎಂಜಿನ್ ಆಗಿದ್ದರೆ ಫ್ಯೂಸನ್ನಾಗಲಿ ಯಾವ ಸ್ವಿಚ್ಚನ್ನಾಗಲಿ ಮುಟ್ಟುವ ಮುಂಚೆ ಮುಚ್ಚಳ ತೆರೆದು ಗಾಳಿಯಾಡಲು ಬಿಡಿ. ಅದರ ಆವಿ ಗಾಳಿಗಿಂತ ಭಾರ, ಬಿಲ್ಜ್‌ನಲ್ಲೇ ಕೂತಿರುತ್ತದೆ. ಪ್ರೆಶರ್ ವಾಷರ್ ಅಂತೂ ಬೇಡವೇ ಬೇಡ. ಆಲ್ಟರ್ನೇಟರ್, ಸ್ಟಾರ್ಟರ್ ಮೋಟಾರ್, ಗಾಳಿ ಎಳೆಯುವ ಬಾಯಿ ಎಲ್ಲವೂ ಅಲ್ಲೇ ಇವೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಬಟ್ಟೆ, ತಾಳ್ಮೆ ಸಾಕು.

ದೋಣಿಯ ತಳದ ಅಡ್ಡಪಟ್ಟಿಗಳ ಬುಡದಲ್ಲಿ ನೀರು ಹರಿಯಲೆಂದು ಬಿಟ್ಟ ಸಣ್ಣ ತೂತುಗಳಿರುತ್ತವೆ, ಅವನ್ನು ಮರೆಯಬೇಡಿ. ನಾನು ಬೋರಲು ಮಲಗಿ ತಂತಿ ಚುಚ್ಚಿದಾಗ ಒಂದರಿಂದ ಬಣ್ಣದ ಚಕ್ಕೆ, ಕೂದಲು, ಪೆನ್ಸಿಲ್ ತುಂಡು ಬಂದವು, ಹಿಂದೆಯೇ ಗುಳುಗುಳು ಎಂದು ಕಪ್ಪು ನೀರು. ವಾಸನೆಯ ಅರ್ಧ ಪಾಲು ಅಲ್ಲಿತ್ತು.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ್ದು ಒಂದೇ: ಆ ಎಣ್ಣೆ ಎಲ್ಲಿಂದ ಬರುತ್ತಿದೆ? ತೊಳೆದು ಒಣಗಿಸಿ, ಬಿಲ್ಜ್‌ಗೆ ಬಿಳಿ ಎಪಾಕ್ಸಿ ಬಣ್ಣ ಬಳಿದು, ಎಂಜಿನ್‌ನಿಂದ ಗೇರ್‌ಬಾಕ್ಸ್‌ವರೆಗೆ ಹೊಸ ಹಾಳೆ ಹಾಸಿ ಕಾದೆ. ಮೂರನೆಯ ದಿನ ಅದರ ಮೇಲೆ ಒಂದೇ ಒಂದು ಚುಕ್ಕೆ, ಕೆಂಪಗೆ. ಡೀಸೆಲ್ ಎಂಜಿನ್ನಿನ ಎಣ್ಣೆ ಕಪ್ಪು. ನನ್ನ ಗೇರ್‌ಬಾಕ್ಸಿಗೆ ಹಾಕುವುದು ಕೆಂಪು. ಎರಡು ವರ್ಷ ನಾನು ಎಂಜಿನ್ನನ್ನೇ ಬೈದಿದ್ದೆ.